ಭಾನುವಾರದ ಬಣ್ಣದ ಪುಟ
ಷಿಕಾಗೋದ ನಮ್ಮ ಪತ್ರಿಕೆಗೆ ಭಾನುವಾರದ ಚಿತ್ರಕಥೆ ಬಿಡಿಸುತ್ತಿದ್ದ ಅರ್ನೋ ವೈಡ್ಲಿಂಗ್ ಮೂಲತಃ ತೈಲಚಿತ್ರದ ಕಲಾವಿದ; ಕೋಪ ಸದಾ ಮೂಗಿನ ತುದಿಯಲ್ಲೇ. ಸೋಮವಾರ ಬಂತೆಂದರೆ ಅಚ್ಚುಮನೆಗೆ ನುಗ್ಗಿ, "ನನ್ನ ಆಕಾಶಕ್ಕೆ ಸಾಸಿವೆ ಹಳದಿ ಬಳಿದ ಪುಣ್ಯಾತ್ಮ ಯಾವನಯ್ಯಾ?" ಎಂದು ಬಣ್ಣದ ಅಚ್ಚು ನೋಡಿಕೊಳ್ಳುತ್ತಿದ್ದ ನನ್ನ ಮೇಲೆ ಹರಿಹಾಯುತ್ತಿದ್ದ. ಚಿತ್ರಕಥೆಯ ಕೊನೆಯ ಚೌಕ ಕಿತ್ತು ಸಾಬೂನಿನ ಜಾಹೀರಾತು ಹಾಕಿದ ಸಂಪಾದಕರಿಗೆ, "ನಿಮ್ಮ ಮೂಗು ಕೊಯ್ದು ಅಲ್ಲಿ ಸಾಬೂನು ಅಂಟಿಸಲಾ?" ಎಂದಿದ್ದ. ಇದು ಹೊಟ್ಟೆಪಾಡಿನ ಕೆಲಸವೆಂದು ಗೊಣಗುತ್ತಲೇ ಒಂದೊಂದು ಮೋಡವನ್ನೂ ಮತ್ತೆ ಮತ್ತೆ ತಿದ್ದುತ್ತಿದ್ದ. ಅವನ ತೈಲಚಿತ್ರ ಒಂದೂ ಮಾರಾಟವಾಗಿರಲಿಲ್ಲ. ಕೊನೆಗೊಮ್ಮೆ ಪ್ರದರ್ಶನದಲ್ಲಿ ಶ್ರೀಮಂತನೊಬ್ಬ ಅವನದೊಂದು ತೈಲಚಿತ್ರ ಮೆಚ್ಚಿ, "ಇದನ್ನ ನಾನೇ ತಗೋತೀನಿ. ಆದ್ರೆ ಪೇಪರಿಗೆ ಗೀಚೋ ಆ ಕಸ ಬಿಟ್ಟುಬಿಡಿ," ಎಂದ. ವೈಡ್ಲಿಂಗ್ ಕೆಂಡವಾದ. "ಕಸ ಗೀಚೋನ ಚಿತ್ರ ನಿಮ್ಮನೆಗ್ಯಾಕೆ ಸ್ವಾಮಿ?" ಎಂದವನೇ ಅದನ್ನು ಗೋಡೆಯಿಂದಿಳಿಸಿ, ಕಂಕುಳಲ್ಲಿಟ್ಟುಕೊಂಡು ಮನೆಗೆ ಹೊರಟುಬಿಟ್ಟ.