ಮುದ್ರೆ ಹತ್ತದ ಚೀಟಿ

ಬಾಯಾರ ಎರಡೂ ಕೆನ್ನೆಗಳಲ್ಲಿ ಹಳೆಯ ಮೊಡವೆಗಳು ಬಿಟ್ಟುಹೋದ ಗುಂಡಿಗಳಿದ್ದವು. ಹಂಚಿನ ಮೇಲಿನ ಜೋಳದ ರೊಟ್ಟಿಗೆ ನೀರು ಸವರಿದರೆ ಮೈತುಂಬ ಸಣ್ಣ ಸಣ್ಣ ಕುಳಿ ಬೀಳುತ್ತವಲ್ಲ, ಹಾಗೆ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ನಿಂತಾಗ ಅವು ಇನ್ನಷ್ಟು ಆಳವಾಗಿ ಕಾಣುತ್ತಿದ್ದವು. ಅವರು ಅವನ್ನು ಪೌಡರು ಬಳಿದು ಮುಚ್ಚಿದವರಲ್ಲ. ದೊಡ್ಡ ಕುಂಕುಮ, ಬಿಳಿ ಕೋಟು, ಕೊರಳಿಗೆ ದಾರ ಕಟ್ಟಿ ಇಳಿಬಿಟ್ಟ ಕನ್ನಡಕ. ದಾಂಡೇಲಿಯ ಪೇಟೆಯಲ್ಲಿ ಆ ಔಷಧದ ಅಂಗಡಿಯ ಕೌಂಟರ್ ಕಟ್ಟೆಯ ಹಿಂದೆ ನಾನು ಅವರನ್ನು ಹದಿನಾಲ್ಕು ವರ್ಷ ನೋಡಿದೆ.

ಅಂಗಡಿ ಅವರದಲ್ಲ. ಅದರ ಮಾಲೀಕರು ಹಳಿಯಾಳದಲ್ಲಿದ್ದರು. ಇವರು ಔಷಧದ ಕೋರ್ಸು ಓದಿ ಕೆಲಸಕ್ಕೆ ಸೇರಿದವರು. ಜೊಯಿಡಾ ಕಡೆಯವರು, ಮನೆಮಾತು ಕೊಂಕಣಿ. ಆದರೆ ಕಟ್ಟೆಯ ಹಿಂದೆ ನಿಂತರೆ ನಮ್ಮಂತೆಯೇ ಮಾತಾಡುತ್ತಿದ್ದರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಬಾಯಾರು ಎನ್ನುತ್ತೇವೆ. ಇವರಿಗೂ ಆ ಹೆಸರು ಬಂದದ್ದು, ಗುಳಿಗೆ ಹೇಗೆ ನುಂಗಬೇಕೆಂದು ಹೇಳಿದ ಮೇಲೆ ನಮ್ಮಿಂದ ತಿರುಗಿ ಹೇಳಿಸುತ್ತಿದ್ದರು ಎಂಬ ಕಾರಣಕ್ಕೆ. ತಪ್ಪು ಹೇಳಿದರೆ ಚೀಲ ಕೈಗೆ ಬರುತ್ತಿರಲಿಲ್ಲ. ಇನ್ನೊಂದು ರೂಢಿ: ಔಷಧ ಕೊಡುವಾಗ ಡಾಕ್ಟರ ಚೀಟಿಯ ಬೆನ್ನಿಗೆ ಅಂಗಡಿಯ ಮುದ್ರೆ ಒತ್ತಿ, ತಾರೀಖು ಬರೆದು, ಶಾಯಿ ಆರುವವರೆಗೆ ಉಫ್ ಎಂದು ಊದುವುದು. ಒಮ್ಮೆ ಮುದ್ರೆ ಬಿದ್ದ ಚೀಟಿಗೆ ಅವರು ಮತ್ತೆ ಔಷಧ ಕೊಡುತ್ತಿರಲಿಲ್ಲ.

ಒಂದು ಸಂಜೆ ನಾನಿದ್ದಾಗಲೇ ಒಬ್ಬ ತರುಣ ಬಂದು ಮುಖಕ್ಕೆ ಹಚ್ಚುವ ಒಂದು ಟ್ಯೂಬ್ ಕೇಳಿದ. ಚೀಟಿ ಇರಲಿಲ್ಲ. ಅದರಲ್ಲಿ ಸ್ಟೀರಾಯ್ಡ್ ಇದೆ, ಮೊದಲು ಮುಖ ಬೆಳ್ಳಗಾಗುತ್ತದೆ, ಆಮೇಲೆ ಚರ್ಮ ತೆಳುವಾಗಿ ಬಿಸಿಲಿಗೆ ಉರಿಯುತ್ತದೆ, ಬಿಟ್ಟರೆ ಮೊಡವೆ ದುಪ್ಪಟ್ಟು ಏಳುತ್ತದೆ ಎಂದು ಬಾಯಾರು ತಿಳಿಸಿ ಹೇಳಿದರು. ಅವನಿಗೆ ಸಿಟ್ಟು ಬಂತು.

“ನಿಮ್ಮ ಮಾರಿ ನೋಡಿದ್ರ ಗೊತ್ತಾಗ್ತೈತಿ ಬಿಡ್ರಿ, ನಿಮಗ ಎಷ್ಟ ತಿಳಿತೈತಿ ಅಂತ” ಎಂದ.

ಬಾಯಾರು ಕನ್ನಡಕ ಏರಿಸಿಕೊಂಡು ಅವನನ್ನೇ ನೋಡಿದರು. “ಇದ ಮಾರಿ ಇಟ್ಕೊಂಡ ಲಗ್ನ ಆಗೇನಿ, ಎರಡ ಹಡದೇನಿ. ಗಂಡ ಇನ್ನೂ ಓಡಿ ಹೋಗಿಲ್ಲಪಾ. ನೀ ಡಾಕ್ಟರಿಗೆ ತೋರಿಸಿ ಚೀಟಿ ತಗೊಂಡ ಬಾ, ಹೋಗು.”

ಕಟ್ಟೆಯ ಮುಂದಿದ್ದವರೆಲ್ಲ ನಕ್ಕರು. ಹುಡುಗನೂ ನಕ್ಕ. ಮರುವಾರ ಚೀಟಿ ತಂದ.

ನಾನು ಕಾಗದದ ಕಾರ್ಖಾನೆಯಲ್ಲಿ ನಲವತ್ತು ವರ್ಷ ದುಡಿದವನು. ಎಸ್ಸೆಸ್ಸೆಲ್ಸಿ ಮುಗಿಸಿ ಧಾರವಾಡದ ಕಡೆಯಿಂದ ಬಂದವನು ಇಲ್ಲೇ ಉಳಿದೆ. ನಿವೃತ್ತನಾದ ಮೇಲೆ ಸೈಕಲ್ಲಿತ್ತು, ಪುರಸೊತ್ತಿತ್ತು. ನಮ್ಮ ಓಣಿಯಲ್ಲಿ ಯಾರಿಗೆ ಬಿ.ಪಿ., ಯಾರಿಗೆ ಸಕ್ಕರೆ, ಅವರ ಚೀಟಿಗಳನ್ನೆಲ್ಲ ಜೇಬಿನಲ್ಲಿಟ್ಟುಕೊಂಡು ಪೇಟೆಗೆ ಹೋಗಿ ಔಷಧ ತಂದುಕೊಡುವುದು ನನ್ನ ಕೆಲಸವಾಯಿತು. ಹತ್ತು ವರ್ಷದಲ್ಲಿ ಒಬ್ಬರದು ಇನ್ನೊಬ್ಬರಿಗೆ ಹೋಗಲಿಲ್ಲ. “ಕಾಕಾ ಅಂದ್ರ ಕಾಕಾನ. ಅರ್ಧಾ ಡಾಕ್ಟರ್” ಎಂದು ಬಾಯಾರು ಚೇಷ್ಟೆ ಮಾಡುತ್ತಿದ್ದರು. ಆ ಮಾತು ನನ್ನ ತಲೆಗೇರಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ನಮ್ಮ ಹಿರಿಯ ಮಗನ ಮಗಳಿಗೆ ಹದಿನೇಳು ತುಂಬಿದ್ದಾಗ ಮುಖ, ಬೆನ್ನೆಲ್ಲ ಕೀವುಗಟ್ಟಿದ ಮೊಡವೆ. ಹುಬ್ಬಳ್ಳಿಯ ಚರ್ಮದ ಡಾಕ್ಟರು ಬೇರೆ ಔಷಧಗಳಿಂದ ಗುಣವಾಗದಿದ್ದಾಗ ಐಸೋಟ್ರೆಟಿನಾಯಿನ್ ಎಂಬ ಕ್ಯಾಪ್ಸೂಲ್ ಬರೆದರು. ಪ್ರತಿ ತಿಂಗಳೂ ಹುಬ್ಬಳ್ಳಿಗೆ ಹೋಗಬೇಕು, ರಕ್ತ ತಪಾಸಣೆ ಮಾಡಿಸಬೇಕು, ಆಮೇಲೆಯೇ ಹೊಸ ಚೀಟಿ. ಬಾಯಾರು ಮೊದಲ ಸಲ ಆ ಡಬ್ಬಿಯನ್ನು ಕೈಗೆ ಕೊಡುವ ಮೊದಲು ಮೊಮ್ಮಗಳನ್ನೇ ಕರೆತರಲು ಹೇಳಿದರು. ತುಟಿ ಒಡೆಯುತ್ತದೆ, ಮೂಗಿನಲ್ಲಿ ರಕ್ತ ಬರಬಹುದು, ಬಿಸಿಲಿಗೆ ಹೋಗಬೇಡ, ಯಾರಿಗೂ ಒಂದು ಕ್ಯಾಪ್ಸೂಲೂ ಕೊಡಬೇಡ ಎಂದು ಅವಳಿಂದ ತಿರುಗಿ ಹೇಳಿಸಿದರು. ಆಮೇಲೆ ನನ್ನನ್ನು ಹೊರಗೆ ನಿಲ್ಲಿಸಿ ಅವಳ ಹತ್ತಿರ ಏನೋ ಹೇಳಿದರು. ಏನು ಎಂದು ನಾನು ಕೇಳಲಿಲ್ಲ. ಹೆಂಗಸರ ಮಾತು ಅಂದುಕೊಂಡೆ.

ಆ ಐದು ತಿಂಗಳೂ ನಾನು ಅಂಗಡಿಗೆ ಹೋದಾಗಲೆಲ್ಲ ಅವರು ಕೇಳುತ್ತಿದ್ದ ಮೊದಲ ಪ್ರಶ್ನೆ ಮೊಡವೆಯದಲ್ಲ. “ಹುಡುಗಿ ನಗತಾಳೇನ್ರಿ ಕಾಕಾ? ಮೂಲ್ಯಾಗ ಕುಂದ್ರೂದು, ಊಟ ಬಿಡೂದು ಏನರೆ ಮಾಡಾಕತ್ತಾಳೇನು?” ಈ ಔಷಧದಿಂದ ಕೆಲವರಿಗೆ ಮನಸ್ಸು ಕುಗ್ಗುವುದುಂಟಂತೆ, ಅದನ್ನು ಮನೆಯವರೇ ಗಮನಿಸಬೇಕಂತೆ. ನಮ್ಮವಳಿಗೆ ಅದೇನೂ ಆಗಲಿಲ್ಲ. ಮುಖ ತಿಳಿಯಾಯಿತು. ಕೊನೆಯ ಚೀಟಿಯ ಔಷಧ ಬೇಡವೆಂದು ಡಾಕ್ಟರೇ ಫೋನಿನಲ್ಲಿ ಹೇಳಿದ್ದರಿಂದ ಆ ಚೀಟಿ ಮುದ್ರೆ ಬೀಳದೆ ಮನೆಯಲ್ಲಿ ಉಳಿಯಿತು.

ಕಾಗದ ಮಾಡಿ ಬದುಕಿದವನಿಗೆ ಕಾಗದ ಎಸೆಯಲು ಮನಸ್ಸಾಗುವುದಿಲ್ಲ. ರೇಷನ್ ಕಾರ್ಡಿಗೆ ಲ್ಯಾಮಿನೇಷನ್ ಮಾಡಿಸಲು ಹೋದಾಗ ಆ ಚೀಟಿಗೂ ಮಾಡಿಸಿಬಿಟ್ಟೆ. ದೊಡ್ಡ ಡಾಕ್ಟರ ಚೀಟಿ, ಮನೆಯಲ್ಲಿ ಯಾರಿಗಾದರೂ ಬೇಕಾಗುತ್ತದೆ ಎಂದು.

ಏಳೆಂಟು ತಿಂಗಳ ನಂತರ ಕಿರಿಯ ಮಗನ ಮದುವೆಯಾಯಿತು. ಸೊಸೆ ಮುಂಡಗೋಡ ತಾಲೂಕಿನ ಪಾಳಾದವಳು. ಮದುವೆಯಾಗಿ ಮೂರನೆಯ ತಿಂಗಳಿಗೆ ಅವಳ ಗದ್ದ, ಕೆನ್ನೆಗಳಲ್ಲಿ ಗುಳ್ಳೆ ಎದ್ದವು. ತವರಲ್ಲಿ ತಮ್ಮನ ಲಗ್ನ ಇತ್ತು. ಒಂದು ದಿನ ಚಹಾ ತಂದಿಟ್ಟು, “ಹುಬ್ಬಳ್ಳಿ ಡಾಕ್ಟರಿಗೆ ಒಮ್ಮೆ ತೋರಿಸ್ಲೇನ್ರಿ ಮಾವಾರ?” ಎಂದಳು.

ಹುಬ್ಬಳ್ಳಿ ಯಾಕೆ, ಅದೇ ಡಾಕ್ಟರ ಚೀಟಿ ಮನೆಯಲ್ಲೇ ಇದೆ, ರೋಗ ಅದೇ ಎಂದೆ. ಅವಳು ಬರಿದಾದ ಕಪ್ಪು ಎತ್ತಿಕೊಂಡು ಒಳಗೆ ಹೋದಳು. ಹೊಸ ಸೊಸೆ ಮಾವನಿಗೆ ಎದುರು ಮಾತಾಡುತ್ತಾಳೆಯೇ?

ಮರುದಿನ ಅಂಗಡಿಗೆ ಒಯ್ದು ಕೊಟ್ಟಾಗ ಬಾಯಾರು ಆ ಚೀಟಿಯನ್ನು ತಿರುಗಿಸಿ ಬೆನ್ನಿಗೆ ಮುದ್ರೆ ಒತ್ತಿ ನೋಡಿದರು. ಶಾಯಿ ಪ್ಲಾಸ್ಟಿಕ್ಕಿನ ಮೇಲೆ ಜಾರಿ ಬೆರಳಿಗೆ ಅಂಟಿತು.

“ಮುದ್ರಿ ಹತ್ತವಲ್ದು. ಇದಕ್ಯಾಕ ಅಂಗಿ ತೊಡಿಸೀರಿ ಕಾಕಾ?” ಎಂದು ನಕ್ಕು, ತಾರೀಖು ನೋಡಿ ನಗು ನಿಲ್ಲಿಸಿದರು. “ಯಾರಿಗಿದು?”

ಮೊಮ್ಮಗಳಿಗೇ, ಮತ್ತೆ ಬಂದಿವೆ ಎಂದೆ. ಹೊಸ ಚೀಟಿ ಎಲ್ಲಿ ಎಂದರು. ಇದೇ ಸಾಕೆಂದು ಡಾಕ್ಟರು ಹೇಳಿದ್ದಾರೆ ಎಂದೆ. ರಕ್ತ ತಪಾಸಣೆ? ಆಗಿದೆ ಎಂದೆ. ಅವರು ಡಬ್ಬಿ ತೆಗೆದು ಕೈಯಲ್ಲೇ ಹಿಡಿದುಕೊಂಡು ಇನ್ನೊಮ್ಮೆ ಕೇಳಿದರು: “ಅಕಿಗೇ ಹೌದಲ್ಲ? ಮನ್ಯಾಗ ಬ್ಯಾರೆ ಯಾರಿಗೂ ಅಲ್ಲಲ್ಲ?”

“ಅಕಿಗೇ ರೀ” ಎಂದೆ.

“ಬ್ಯಾರೆ ಯಾರರೆ ಆಗಿದ್ರ ತಿರುಗಿ ಕಳಸ್ತಿದ್ದೆ. ನಿಮ್ಮ ಮಾತಿನ ಮ್ಯಾಲ ಕೊಡಾಕತ್ತೇನಿ.”

ಡಬ್ಬಿಯೊಳಗಿನ ಕ್ಯಾಪ್ಸೂಲ್ ಪಟ್ಟಿಯ ಮೇಲೆ ಕೆಂಪು ವೃತ್ತದೊಳಗೆ ಬಸುರಿ ಹೆಂಗಸಿನ ಚಿತ್ರ, ಅದರ ಮೇಲೆ ಅಡ್ಡ ಗೀಟು. ನಾನು ಅದನ್ನು ನೋಡಲಿಲ್ಲವೆಂದು ಹೇಳಲಾರೆ. ನೋಡಿದೆ. ಹೊಟ್ಟೆ ಕಾಣುವ ಬಸುರಿಯರಿಗೆ ಬೇಡವೆಂದು ಅದರ ಅರ್ಥ, ನಮ್ಮ ಸೊಸೆ ಬಸುರಿಯಲ್ಲವಲ್ಲ ಎಂದುಕೊಂಡೆ. ಕಣ್ಣಿಗೆ ಕಟ್ಟುವಂತೆ ಚಿತ್ರ ಬರೆದಿಟ್ಟಿದ್ದರೂ ನನಗೆ ಬೇಕಾದ ಅರ್ಥವನ್ನೇ ನಾನು ಓದಿಕೊಂಡೆ.

ಸೊಸೆ ದಿನಕ್ಕೊಂದರಂತೆ ನುಂಗಿದಳು. ತುಟಿ ಒಡೆದಾಗ ತುಪ್ಪ ಸವರಿಕೊಂಡಳು. ಇನ್ನೂ ಏಳೆಂಟು ಕ್ಯಾಪ್ಸೂಲ್ ಉಳಿದಿದ್ದಾಗ ಅವಳಿಗೆ ವಾಕರಿಕೆ ಶುರುವಾಯಿತು. ತೋರಿಸಿದರೆ ಎರಡು ತಿಂಗಳ ಹತ್ತಿರ ಎಂದರು. ಮನೆಯಲ್ಲಿ ಹೇಳತೀರದ ಸಂತೋಷ. ನನ್ನ ಹೆಂಡತಿ ಓಣಿಗೆಲ್ಲ ಸಕ್ಕರೆ ಹಂಚಿದಳು. ಸರಕಾರಿ ಆಸ್ಪತ್ರೆಯಲ್ಲಿ ಬರೆದುಕೊಟ್ಟ ಬಸುರಿಯರ ಗುಳಿಗೆಯ ಚೀಟಿ ಹಿಡಿದು ನಾನು ಸೈಕಲ್ ಏರಿ ಬಾಯಾರ ಬಳಿ ಹೋದೆ.

ಸಣ್ಣ ಸೊಸೆಗೆ ಎಂದಾಗ ಅವರ ಮುಖ ಅರಳಿತು. ಪೇಢೆ ಎಲ್ಲಿ ಎಂದರು. ನಾನು ಹುರುಪಿನಲ್ಲಿ ಬಾಯಿಬಿಟ್ಟೆ. “ಪೇಢೆ ಯಾಕ, ನಿಮ್ಮ ಗುಳಗಿ ಅಕಿ ಮಾರೀನೂ ತಿಳಿ ಮಾಡೇತಿ. ಒಂದ ಚೀಟಿ, ಇಬ್ಬರಿಗೆ ಗುಣ.”

ಪಟ್ಟಿ ಕತ್ತರಿಸುತ್ತಿದ್ದ ಅವರ ಕೈ ಅಲ್ಲೇ ನಿಂತಿತು. ಯಾವ ಗುಳಿಗೆ ಎಂದು ಅವರು ಕೇಳಲಿಲ್ಲ. ಕತ್ತರಿ ಕೆಳಗಿಟ್ಟರು. ಅಂಗಡಿಯಲ್ಲಿ ಇನ್ನೂ ಮೂವರಿದ್ದರು. ಅವರೆಲ್ಲ ನೋಡುತ್ತಿದ್ದರು.

“ಇನ್ನೂ ನುಂಗಾಕತ್ತಾಳ?” ಎಂದರು.

“ನಾಕ ಉಳದಾವು.”

“ಈಗ ಮನಿಗೆ ಹೋಗ್ರಿ. ಇನ್ನೊಂದೂ ನುಂಗಬಾರ್ದು. ಪಟ್ಟಿ ತಗೊಂಡು ಇವತ್ತ ಹುಬ್ಬಳ್ಳಿಗೆ ಹೆಣ್ಣಮಕ್ಕಳ ಡಾಕ್ಟರ್ ಹಂತೇಕ ಕರಕೊಂಡ ಹೋಗ್ರಿ. ಇದ್ದದ್ದ ಎಲ್ಲಾ ಹೇಳ್ರಿ, ಒಂದೂ ಮುಚ್ಚಬ್ಯಾಡ್ರಿ. ನನ್ನ ಬೈಯೂದಿದ್ರ ಆಮ್ಯಾಲ ಬೈರಿ.”

ಹುಬ್ಬಳ್ಳಿಯ ಹೆಣ್ಣುಮಕ್ಕಳ ಡಾಕ್ಟರು ಪಟ್ಟಿ ನೋಡಿದವರೇ ಬಾಗಿಲು ಹಾಕಿಸಿದರು. ಮೊಮ್ಮಗಳಿಗೆ ಬಾಯಾರು ನನ್ನನ್ನು ಹೊರಗೆ ನಿಲ್ಲಿಸಿ ಹೇಳಿದ್ದು ಏನೆಂದು ನನಗೆ ಅಂದು ತಿಳಿಯಿತು. ಈ ಔಷಧ ನುಂಗುವಾಗ, ಬಿಟ್ಟ ಮೇಲೆ ಒಂದು ತಿಂಗಳವರೆಗೂ ಬಸಿರು ನಿಲ್ಲಲೇಬಾರದು. ಕೂಸಿನ ಮಿದುಳು, ಹೃದಯ, ಕಿವಿ ಮೂಡುವ ಹೊತ್ತಿನಲ್ಲೇ ಅದು ಕೆಡಿಸಬಲ್ಲದು. ಎಲ್ಲ ಕೂಸುಗಳಿಗೂ ಹಾಗಾಗುವುದಿಲ್ಲ, ಸ್ಕ್ಯಾನ್ ಮಾಡುತ್ತ ನೋಡೋಣ ಎಂದು ಡಾಕ್ಟರು ಸಮಾಧಾನ ಹೇಳಿದರು. ಮುಖದ ಗುಳ್ಳೆಗೆ ನುಂಗಿದ್ದು ಹೊಟ್ಟೆಯೊಳಗಿನ ಕೂಸಿನ ಕಿವಿಯವರೆಗೆ ಹೋಗುತ್ತದೆಯೇ?

ಬಸ್ಸಿನಲ್ಲಿ ಬರುವಾಗ ಜೊತೆಗಿದ್ದ ಕಿರಿಯ ಮಗ ಕೇಳಿದ: “ಅಪ್ಪಾ, ಅಂಗಡ್ಯಾಗ ಯಾರಿಗಂತ ಕೇಳಲಿಲ್ಲೇನು?”

ಮುಂದಿನ ಸೀಟಿನಲ್ಲಿ ಸೊಸೆ ಕಿಟಕಿಗೆ ತಲೆಯಾನಿಸಿ ಕುಳಿತಿದ್ದಳು.

“ಕೇಳಲಿಲ್ಲ” ಎಂದೆ.

ನಾನು ಜೀವನದಲ್ಲಿ ಮಾಡಿದ ಅತ್ಯಂತ ಕೆಟ್ಟ ಕೆಲಸ ಈ ಒಂದು ಮಾತು. ಚೀಟಿಯದು ಅಜ್ಞಾನ, ಸೊಕ್ಕು ಎನ್ನಬಹುದು. ಇದು ಹಾಗಲ್ಲ.

ಹನ್ನೆರಡನೆಯ ದಿನ ಸೊಸೆಗೆ ಗರ್ಭ ಇಳಿಯಿತು. ಖಂಡಿತ ಅದರಿಂದಲೇ ಎನ್ನಲಾಗದು, ಅದರಿಂದಲ್ಲ ಎಂದೂ ಹೇಳಲಾಗದು ಎಂದರು ಡಾಕ್ಟರು. ಸೊಸೆ ಅಳಲಿಲ್ಲ. ನನ್ನ ಮುಂದೆ ಚಹಾ ಇಟ್ಟು ಒಳಗೆ ಹೋಗುತ್ತಿದ್ದಳು, ಅಷ್ಟೆ.

ಅವಳು ಆಸ್ಪತ್ರೆಯಿಂದ ಮನೆಗೆ ಬಂದ ಮೂರನೆಯ ದಿನ ಮಗ ಅಂಗಡಿಗೆ ಹೋದ. ತಡೆಯುತ್ತೇನೆಂದು ನಾನೂ ಹೋದೆ. ತಡೆಯಲಿಲ್ಲ. ಅವನು ಗಿರಾಕಿಗಳ ಮುಂದೆ ಕಟ್ಟೆ ಬಡಿದು, ಕೇಳದೆ ವಿಷ ಕೊಟ್ಟಿರಿ, ನಮ್ಮ ಕೂಸನ್ನು ಕೊಂದಿರಿ ಎಂದು ಅವರನ್ನು ಹೀನಾಯವಾಗಿ ಬೈದ. ಬಾಯಾರು ನನ್ನತ್ತ ನೋಡಿದರು. ಸಿಟ್ಟಿನ ನೋಟವಲ್ಲ. ಈತ ಈಗ ಬಾಯಿ ತೆರೆಯುತ್ತಾನೆ ಎಂದು ಕಾಯುವವರ ನೋಟ. ನಾನು ಗಾಜಿನ ಕಪಾಟಿನೊಳಗಿನ ಗ್ಲೂಕೋಸ್ ಡಬ್ಬಿಗಳನ್ನು ನೋಡುತ್ತ ನಿಂತೆ.

ಕೊನೆಗೆ ಅವರು ಹೇಳಿದರು: “ಮುದ್ರಿ ಹತ್ತದ ಚೀಟಿಗೆ ನಾ ಔಷಧ ಕೊಡಬಾರದಿತ್ತು ತಮ್ಮಾ. ಅದು ನನ್ನ ತಪ್ಪು.”

ತಮ್ಮ ತಪ್ಪನ್ನಷ್ಟೇ ಹೇಳಿದರು. ನನ್ನದನ್ನು ಹೇಳಲಿಲ್ಲ.

ಸುದ್ದಿ ಊರೆಲ್ಲ ಹಬ್ಬಿತು. ಒಂದು ತಿಂಗಳೊಳಗೆ ಮಾಲೀಕರು ಅವರನ್ನು ಕೆಲಸದಿಂದ ಬಿಡಿಸಿದರು. ಬಾಯಾರು ಜೊಯಿಡಾದಲ್ಲಿದ್ದ ಮಗಳ ಮನೆಗೆ ಹೋದರೆಂದು ಕೇಳಿದೆ. ಒಂದೂವರೆ ವರ್ಷದಲ್ಲಿ ಎರಡು ಸಲ ನಾನು ಹೊರಟೆ. ಒಂದು ಸಲ ಜೊಯಿಡಾ ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಚಹಾ ಕುಡಿದು, ಅದೇ ಬಸ್ಸಿಗೆ ವಾಪಸು ಬಂದೆ. ಹೋದ ಚಳಿಗಾಲದಲ್ಲಿ ಅವರು ಹೃದಯಾಘಾತದಿಂದ ತೀರಿಕೊಂಡರು. ಅಂಗಳದಲ್ಲಿ ಬಟ್ಟೆ ಹರವುತ್ತಿದ್ದವರು ಹಾಗೇ ಕುಸಿದರಂತೆ.

ಆಗ ಹೋದೆ. ಅವರ ಮಗಳು ಜಗಲಿಯ ಮೇಲೆ ಕುಳ್ಳಿರಿಸಿದಳು. ಎಲ್ಲವನ್ನೂ ಹೇಳಿದೆ. ಅವಳು, “ನೀವು ಬರ್ತೀರಿ ಅಂತ ಆಯಿ ಮೊದಮೊದಲ ಹೇಳ್ತಿದ್ಲು. ಆಮ್ಯಾಲ ಹೇಳೂದ ಬಿಟ್ಲು” ಎಂದಳು. ಮತ್ತೆ, “ನನಗ ಯಾಕ ಹೇಳ್ತೀರಿ ಅಜ್ಜಾರ? ಯಾರ ಮುಂದ ಹೇಳಬೇಕಿತ್ತೋ ಅವರ ಮುಂದ ಹೇಳ್ರಿ.”

ಮನೆಗೆ ಬಂದು ಮಗ, ಸೊಸೆಯರನ್ನು ಕೂರಿಸಿಕೊಂಡು ಹೇಳಿದೆ. ಮಗ ಎದ್ದು ಹೊರಗೆ ಹೋದ. ಈಗಲೂ ನನ್ನೊಡನೆ ಬೇಕಾದಷ್ಟೇ ಮಾತು. ಸೊಸೆ, “ಅವರನ್ನ ನಾ ದಿನಾ ಶಪಿಸ್ತಿದ್ದೆ ಮಾವಾರ” ಎಂದಳು.

ಮರುದಿನ ಸಂಜೆ ಗಿರಾಕಿಗಳ ಹೊತ್ತು ನೋಡಿ ಅಂಗಡಿಗೆ ಹೋದೆ. ಮಗ ಬೈದ ಜಾಗದಲ್ಲೇ ನಿಂತು, ಬಾಯಾರು ನನ್ನನ್ನು ಎರಡು ಸಲ ಕೇಳಿದ್ದರು, ನಾನು ಎರಡು ಸಲವೂ ಸುಳ್ಳು ಹೇಳಿದೆ, ಅವರನ್ನು ಮನೆಗೆ ಕಳಿಸಿದ್ದು ನನ್ನ ಸುಳ್ಳು ಎಂದು ಗಟ್ಟಿಯಾಗಿ ಹೇಳಿದೆ. ಪಕ್ಕದಲ್ಲಿದ್ದವರು ಮುಖ ಮುಖ ನೋಡಿಕೊಂಡರು. ಒಬ್ಬರು ನನ್ನ ತೋಳು ಹಿಡಿದು ಮೆಲ್ಲಗೆ ಬದಿಗೆ ಸರಿಸಿ ತಮ್ಮ ಚೀಟಿ ಮುಂದೆ ಚಾಚಿದರು. ಕಟ್ಟೆಯ ಹಿಂದಿನ ಹೊಸ ಹುಡುಗಿ ಬಹಳ ಸೌಮ್ಯವಾಗಿ ಕೇಳಿದಳು:

“ಯಾವ ಬಾಯಾರ್ರಿ ಅಜ್ಜಾರ?”