ಮುಳ್ಳುತಂತಿ ಕೀಳಲು ನೆರವು ತಂದವರು

ಪರ್ವತಗಳ ಕಾಡುನೆಲವನ್ನು ಕಾಯುವವರು ಅನೇಕರಿದ್ದಾರೆ. ಅವರ ಬೆನ್ನಿಗೆ ನಿಂತು, ನೆರವು ಹೊಂದಿಸಿ, ಹಿಡಿದ ಕೆಲಸ ಅರ್ಧಕ್ಕೆ ನಿಲ್ಲದಂತೆ ನೋಡಿಕೊಳ್ಳುವವರು ವಿರಳ. ಆ ವಿರಳರಲ್ಲಿ ಅಗ್ರಗಣ್ಯರು, ಪರ್ವತ ಸಂರಕ್ಷಣಾ ನಿಧಿಯ ಯೋಜನಾಧಿಕಾರಿಯಾಗಿ ಈ ತಿಂಗಳು ನಿವೃತ್ತರಾಗುತ್ತಿರುವ, ಕಚೇರಿಯವರಿಗೂ ಕಣಿವೆಯವರಿಗೂ ‘ಬೆಟ್ಟದಕ್ಕ’ ಎಂದೇ ಪರಿಚಿತರಾದ ಹಿರಿಯರು.

ಬ್ಯಾಂಕಿನ ಸಾಲ ವಸೂಲಿ ವಿಭಾಗವನ್ನು ಬಿಟ್ಟು ಅವರು ಬಂದಾಗ ನಿಧಿಯ ಕಚೇರಿಯೆಂದರೆ ಔಷಧದಂಗಡಿಯ ಮೇಲಿನ ಒಂದೇ ಕೋಣೆ. ಅಲ್ಲಿ ನೆರವು ಕೋರಿದ ಯಾರದಾದರೂ ಅರ್ಜಿ ತಿರಸ್ಕೃತವಾದರೆ ಅವರು ಕೈತೊಳೆದುಕೊಳ್ಳುತ್ತಿರಲಿಲ್ಲ. ಅರ್ಜಿದಾರರನ್ನು ಕರೆಸಿ, ಎಡವಿದ್ದೆಲ್ಲೆಂದು ತಿಳಿಸಿ, ಚಹಾ ಕುಡಿಸಿಯೇ ಬೀಳ್ಕೊಡುತ್ತಿದ್ದರು. ವಾರಗಟ್ಟಲೆ ಬೆಟ್ಟ ಅಲೆಯುವ ಮಡದಿಯ ಬಗ್ಗೆ ಶಾಲಾ ಮೇಷ್ಟರಾದ ಅವರ ಪತಿ, “ನಮ್ಮನೇಲಿ ಊಟಕ್ಕೂ ಅರ್ಜಿ ಹಾಕ್ಬೇಕು. ಮಂಜೂರಾಗೋ ಗ್ಯಾರಂಟಿ ಇಲ್ಲ” ಎಂದು ನಗುತ್ತಿದ್ದರು.

ಅವರ ಸೇವಾವಧಿಯ ಅತ್ಯಂತ ಕಠಿಣ ಪರೀಕ್ಷೆ ಬಂದದ್ದು ಮೇಲಿನ ಕಣಿವೆಯ ಯೋಜನೆಯಲ್ಲಿ. ಎಂದೋ ಮುಚ್ಚಿಹೋದ ಹೋಟೆಲೊಂದರ ಮುಳ್ಳುತಂತಿ ಬೇಲಿ ಇಡೀ ಇಳಿಜಾರಿಗೆ ಅಡ್ಡವಾಗಿತ್ತು. ಹಿಮ ಬೀಳುವ ಮೊದಲು ಕೆಳಗಿನ ಹುಲ್ಲಿಗೆ ಇಳಿಯುವ ಕಾಡುಮೇಕೆಗಳು ಅದಕ್ಕೆ ಸಿಕ್ಕಿ ಸಾಯುತ್ತಿದ್ದವು. ಬೇಲಿ ಕೀಳಿಸಲು ನೆರವು ಕೊಡಬಲ್ಲವರಾಗಿದ್ದವರು ಸಾಬೂನು ಕಾರ್ಖಾನೆಯ ಮಾಲೀಕರೊಬ್ಬರೇ.

“ಕೊಟ್ಟಮೇಲೆ ತೋರಿಸ್ಕೊಳ್ಳೋಕೆ ಏನಾದ್ರೂ ಬೇಕಲ್ಲಮ್ಮ. ಅಲ್ಲೊಂದು ವೀಕ್ಷಣಾ ಗೋಪುರ ಕಟ್ಟಿಸಿ, ನನ್ನ ಹೆಸರು ಹಾಕ್ಸಿ” ಎಂದರು ಮಾಲೀಕರು.

“ಗೋಪುರ ಕಟ್ಟಿದ್ರೆ ಜನ ಬರ್ತಾರೆ, ಮೇಕೆ ಹೋಗ್ತವೆ ಸಾರ್. ಆಮೇಲೆ ಮೇಲೆ ಹತ್ತಿ ನೋಡೋದೇನನ್ನ, ಒಬ್ಬರ ಮುಖ ಇನ್ನೊಬ್ಬರು?” ಎಂದರು ಬೆಟ್ಟದಕ್ಕ.

ಮಾಲೀಕರು ಮುಖ ಗಂಟಿಕ್ಕಿಕೊಂಡು ಎದ್ದುಹೋದರು. “ಮನೆಬಾಗಿಲಿಗೆ ಬಂದವರನ್ನ ಅಟ್ಟಿಬಿಟ್ರಲ್ಲಮ್ಮ!” ಎಂದು ನಿಧಿಯ ಅಧ್ಯಕ್ಷರು ತಲೆಯ ಮೇಲೆ ಕೈಹೊತ್ತರು. ಚಳಿಗಾಲ ಹತ್ತಿರವಾಗಿತ್ತು. ಮರುವಾರ ಬೆಟ್ಟದಕ್ಕ ಕಾರ್ಖಾನೆಗೇ ಹೋಗಿ, ಕೂದಲು ಸುತ್ತಿಕೊಂಡಿದ್ದ ತಂತಿಯ ತುಂಡೊಂದನ್ನು ಮಾಲೀಕರ ಮೇಜಿನ ಮೇಲಿಟ್ಟರು. ಎತ್ತಿ ನೋಡಹೋದ ಮಾಲೀಕರ ಬೆರಳಿಗೆ ಮುಳ್ಳು ಚುಚ್ಚಿತು.

“ಇದು ಮರಿಯ ಕೂದಲು ಸಾರ್. ನೀವು ದುಡ್ಡು ಕೊಡೋದು ಆಮೇಲಿರಲಿ, ಒಂದ್ಸಲ ಬಂದು ನೋಡಿ.”

ಮಾಲೀಕರು ಕಣಿವೆಗೆ ಬಂದರು, ನೋಡಿದರು, ಹಿಂತಿರುಗಿದರು. ಕೆಲವೇ ದಿನಗಳಲ್ಲಿ ಕಾರ್ಖಾನೆಯ ಕೆಲಸಗಾರರೊಡನೆ ಮತ್ತೆ ಬಂದು, ಏದುಸಿರು ಬಿಡುತ್ತ ತಾವೇ ತಂತಿ ಕತ್ತರಿಸಲು ನಿಂತರು. ಬೇಲಿ ಹೋಯಿತು, ಮೇಕೆಗಳು ಮಾತ್ರ ದಾಟಲಿಲ್ಲ. ತಂತಿಯಿದ್ದ ಜಾಗಕ್ಕೆ ಬರುವುದು, ಮೂಸುವುದು, ಹಿಂದೆ ಸರಿಯುವುದು. ಬೆಟ್ಟದಕ್ಕ ಮಾಲೀಕರೊಡನೆ ಬಂಡೆಯ ಮರೆಯಲ್ಲಿ ಕಾದು ಕುಳಿತರು. ಕೊನೆಗೊಂದು ಮುದಿ ಮೇಕೆ ಮುಂಗಾಲೆತ್ತಿ, ಇಲ್ಲದ ತಂತಿಯನ್ನು ಹಾರಿತು! ಹಿಂದೆಯೇ ಹಿಂಡೆಲ್ಲ ಹಾರಿತು, ಮರಿಗಳೂ.

“ಹೋದ್ವು! ಹೋದ್ವು ನೋಡಮ್ಮ!” ಮಾಲೀಕರು ಕೂಗಿಯೇಬಿಟ್ಟರು.

“ಮೆಲ್ಲಗೆ ಸಾರ್, ವಾಪಸ್ ಬಂದಾವು!” ಎಂದ ಬೆಟ್ಟದಕ್ಕನ ಕೆನ್ನೆಯ ಮೇಲೆ ನಗುವೂ ಕಣ್ಣೀರೂ ಒಟ್ಟಿಗೆ ಇಳಿಯುತ್ತಿದ್ದವು. ಆ ಬಳಿಕ ಮಾಲೀಕರು ಪ್ರತಿವರ್ಷವೂ ನೆರವಿತ್ತರು, ಹೆಸರಿನ ಮಾತೆತ್ತಲಿಲ್ಲ.

ಕಚೇರಿಯಲ್ಲಿ ಶಾಲು ಹೊದಿಸಿ ಗೌರವಿಸಿದ ದಿನ ಬೆಟ್ಟದಕ್ಕ ಭಾಷಣ ಮಾಡಲಿಲ್ಲ. ತಮ್ಮ ಸ್ಥಾನಕ್ಕೆ ಬಂದ ತರುಣಿಯನ್ನು ಪಕ್ಕಕ್ಕೆ ಕರೆದು, “ಸೋಮವಾರ ಕಣಿವೆಗೆ ಹೊರಟಿದ್ದೀಯಂತೆ. ಜೀಪಲ್ಲಿ ನಂಗೊಂದು ಸೀಟಿಡು, ಹಿಂದಿಂದಾದ್ರೂ ಸರಿ” ಎಂದರಷ್ಟೆ. ಆ ಸೀಟು ಬಹುಕಾಲ ಖಾಲಿಯಾಗದಿರಲಿ. ಅವರ ಮೊಣಕಾಲುಗಳು ನೂರು ವರ್ಷ ಏರು ಏರಲಿ.