ಗೋಣಿಚೀಲದ ಕೆಳಗಿನ ತುಕ್ಕು

ನಾನು ಚಿಕ್ಕವಳಿದ್ದಾಗ, ಲಾರಿಯ ಪಕ್ಕ ನಿಂತರೆ ಚಕ್ರವೇ ನನಗಿಂತ ದೊಡ್ಡದಾಗಿ ಕಾಣುತ್ತಿದ್ದ ಕಾಲದಲ್ಲಿ, ಅಪ್ಪನ ಹತ್ತಿರ ಪೆಟ್ರೋಲಿನಿಂದ ಓಡುವ ಒಂದು ಹಳೆಯ ಲಾರಿ ಇತ್ತು ಮಕ್ಕಳೇ. ಸೋಮನೂರಿನ ನಮ್ಮ ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಮಗ್ಗ, ನಮ್ಮ ಮನೆಯಲ್ಲಿ ಮಾತ್ರ ಲಾರಿ. ಉಡುಮಲೈಪೇಟೆಯ ಕಡೆಯಿಂದ ಹತ್ತಿ ತುಂಬಿಕೊಂಡು ಬರುವುದು ಅಪ್ಪನ ಕೆಲಸ.

ಆ ಲಾರಿಯ ಮೇಲೆ ಅಪ್ಪನಿಗೆ ಎಷ್ಟು ಅಭಿಮಾನ ಎಂದರೆ, ಬಾಗಿಲ ಮೇಲೆ ಸಾಸಿವೆಯಷ್ಟು ಕಂದು ಚುಕ್ಕೆ ಕಂಡರೂ ಮರಳುಕಾಗದ ಹಿಡಿದು ಉಜ್ಜುತ್ತಿದ್ದ. ಪ್ರತಿ ಆಯುಧಪೂಜೆಗೂ ಹಸಿರು ಬಣ್ಣ ಬಳಿಸಿಕೊಂಡು ಅದು ಮಿರಮಿರ ಮಿಂಚುತ್ತಿತ್ತು. ಒಳಗೆ ಕಾಲಿಡುವ ಜಾಗದಲ್ಲಿ ಮಾತ್ರ ಒಂದು ದಪ್ಪ ಗೋಣಿಚೀಲ ಹಾಸಿತ್ತು, ಇಂಜಿನ್ನಿನ ಬಿಸಿ ಕಾಲಿಗೆ ತಾಗದಿರಲಿ ಎಂದು. ಒದ್ದೆ ಕಾಲಿನಲ್ಲಿ ಹತ್ತಿ ಇಳಿಯುತ್ತಿದ್ದುದರಿಂದ ಮಳೆಗಾಲವೆಲ್ಲ ಅದು ಹಸಿಹಸಿಯಾಗಿ, ಮುಗ್ಗಲು ವಾಸನೆ ಬೀರುತ್ತಾ ಬಿದ್ದಿರುತ್ತಿತ್ತು. ಅದನ್ನು ಎತ್ತಿ ನೋಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ದೀಪಾವಳಿ ರಜೆಯಲ್ಲಿ ಒಂದು ದಿನ ಅಕ್ಕನೂ ನಾನೂ ಹಟ ಮಾಡಿ ಅಪ್ಪನ ಜೊತೆ ಹೊರಟೆವು. ಬೆಳಿಗ್ಗೆ ಅಮರಾವತಿ ಅಣೆಕಟ್ಟು ನೋಡಿದೆವು, ಅದರ ದಂಡೆಯಲ್ಲೇ ಕುಳಿತು ಹುಳಿಯನ್ನ ತಿಂದೆವು. ಮಧ್ಯಾಹ್ನ ಹತ್ತಿಯ ಮೂಟೆಗಳನ್ನು ಹೇರಿ, ಟಾರ್ಪಾಲು ಕಟ್ಟಿ, ಊರಿನ ಕಡೆ ತಿರುಗಿದೆವು. ಉಡುಮಲೈಪೇಟೆ ದಾಟುತ್ತಿದ್ದ ಹಾಗೇ ಮಳೆ ಸುರಿಯತೊಡಗಿತು.

"ಜನ್ನಲ್ ಏರ್ಸು ಕಣ್ಣು, ನೆಂದು ಹೋಗ್ತೀರಿ," ಅಂದ ಅಪ್ಪ. ನಮ್ಮನ್ನು ಅವನು ಮುದ್ದಿನಿಂದ ಕಣ್ಣು, ಸಾಮಿ ಎಂದೇ ಕರೆಯುತ್ತಿದ್ದ.

ನಾನು ಗಾಜು ಏರಿಸಿದೆ. ನನ್ನ ಕಡೆಯ ಗಾಜು ಪೂರ್ತಿ ಮೇಲೇರದೆ ಒಂದು ಸಂದು ಉಳಿಯಿತು. ಅಲ್ಲಿಂದ ಎರಚಲು ಮುಖಕ್ಕೆ ಹೊಡೆಯುತ್ತಿದ್ದರೆ, ನಡುವೆ ಬೆಚ್ಚಗೆ ಕುಳಿತಿದ್ದ ಅಕ್ಕನ ಮೇಲೆ ನನಗೆ ಹೊಟ್ಟೆಕಿಚ್ಚು. ಹೊರೆ ಹೊತ್ತ ಲಾರಿ ನರಳುತ್ತಾ ನಿಧಾನವಾಗಿ ಸಾಗುತ್ತಿತ್ತು. ಒಳಗೆಲ್ಲ ಸುಟ್ಟ ಎಣ್ಣೆಯ ವಾಸನೆ.

"ತಲೆ ನೋಯ್ತದೆ ಅಪ್ಪಾ," ಅಂದಳು ಅಕ್ಕ.

"ಹುಳಿಯನ್ನ ಜಾಸ್ತಿ ತಿಂದೆ ನೀನು. ಕೊಂಚ ಕಣ್ಣು ಮುಚ್ಕೊ ಸಾಮಿ."

ಅಕ್ಕ ನನ್ನ ಹೆಗಲಿಗೆ ಒರಗಿದಳು. ಸ್ವಲ್ಪ ಹೊತ್ತಿಗೆಲ್ಲ ಅವಳ ತಲೆ ಕಲ್ಲಿನಂತೆ ಭಾರವಾಯಿತು. ದಾರಿಯಲ್ಲಿ ಒಂದು ಹಳ್ಳ ಕೆಂಪಗೆ ತುಂಬಿ ಹರಿಯುತ್ತಿತ್ತು. ತೋರಿಸೋಣವೆಂದು ಕರೆದೆ. ಅವಳು ಏಳಲಿಲ್ಲ. ಭುಜ ಅಲುಗಿಸಿದೆ. ಚಿವುಟಿದೆ. ಅವಳು ಹಾಗೇ ಜಾರಿ ನನ್ನ ಮಡಿಲಿಗೆ ಬಿದ್ದಳು, ಬಾಯಿ ಅರ್ಧ ತೆರೆದಿತ್ತು. ಅಪ್ಪನ ಕಡೆ ನೋಡಿದರೆ ಅವನ ರೆಪ್ಪೆಗಳೂ ಮುಚ್ಚಿಕೊಳ್ಳುತ್ತಿದ್ದವು. ಲಾರಿ ರಸ್ತೆ ಬಿಟ್ಟು ಹುಣಸೆಮರದ ಕಡೆ ವಾಲುತ್ತಿತ್ತು.

"ಅಪ್ಪಾ! ಅಕ್ಕ ಏಳ್ತಾ ಇಲ್ಲಪ್ಪಾ!"

ಅಪ್ಪ ಬೆಚ್ಚಿಬಿದ್ದು ಬ್ರೇಕ್ ಒತ್ತಿದ. ಅಕ್ಕನನ್ನು ಎತ್ತಿಕೊಂಡು ಕೆಳಗಿಳಿದವನಿಗೆ ನಿಲ್ಲಲಾಗಲಿಲ್ಲ, ಕೆಸರಿನಲ್ಲೇ ಕುಸಿದು ಕುಳಿತ. ಅಕ್ಕನ ಕೈ ನೆಲಕ್ಕೆ ಜೋತುಬಿದ್ದಿತ್ತು. ಎದುರಿನ ಚಹಾ ಅಂಗಡಿಯಿಂದ ಒಬ್ಬ ಅಜ್ಜಿ ಓಡಿಬಂದು ನೋಡಿ, "ಕಾತ್ತು ಕರುಪ್ಪು ಅಡಿಚ್ಚಿರುಕ್ಕು!" ಎಂದು ತಮಿಳಿನಲ್ಲಿ ಕೂಗುತ್ತಾ ವಿಭೂತಿ ತರಲು ಒಳಗೆ ಹೋದಳು. ಗಾಳಿ ಸೋಕಿದೆ, ದೆವ್ವ ಹಿಡಿದಿದೆ ಅಂತ. ಹಾಗಾದರೆ ಅದು ಇಷ್ಟು ದೂರ ನಮ್ಮ ಜೊತೆಯಲ್ಲೇ ಕುಳಿತು ಬಂದಿತ್ತೇ? ಇನ್ನೂ ಒಳಗೇ ಇದೆಯೇ? ಲಾರಿ ಗುರುಗುಟ್ಟುತ್ತಲೇ ಇತ್ತು. ಅದಕ್ಕೆ ಬೆನ್ನು ತಿರುಗಿಸಲು ಹೆದರಿ, ಅದನ್ನೇ ನೋಡುತ್ತಾ ಅಕ್ಕನ ಕಾಲು ಹಿಡಿದು ಕುಳಿತೆ. ಕಾಲು ತಣ್ಣಗಿತ್ತು.

ಮಳೆ ಅವಳ ಮುಖದ ಮೇಲೆ ಹುಯ್ಯುತ್ತಲೇ ಇತ್ತು. ಅಪ್ಪ ಅವಳ ಹೆಸರು ಕರೆಯುತ್ತಾ ಕೆನ್ನೆ ತಟ್ಟುತ್ತಿದ್ದ. ಅಪ್ಪ ಅಳುವುದನ್ನು ನಾನು ಕಂಡದ್ದು ಅದೇ ಮೊದಲು. ಎಷ್ಟು ಹೊತ್ತಾಯಿತೋ. ಕೊನೆಗೆ ಅಕ್ಕ ಒಮ್ಮೆ ಕೆಮ್ಮಿದಳು. ತಿಂದದ್ದನ್ನೆಲ್ಲ ಕಕ್ಕಿ, "ಅಮ್ಮಾ" ಅಂದಳು.

ಅಜ್ಜಿ ಅವಳ ಹಣೆಗೆ ವಿಭೂತಿ ಹಚ್ಚುತ್ತಿದ್ದಾಗ ಅಪ್ಪ ಎದ್ದು ಲಾರಿಯ ಹತ್ತಿರ ಹೋದ. ಒಳಗೆ ತಲೆ ಹಾಕಿ ಮೂಸಿದ. ಆಮೇಲೆ ಗೋಣಿಚೀಲ ಹಿಡಿದು ಎಳೆದ. ಬುಸ್ಸೆಂದು ಹೊಗೆ ಎದ್ದಿತು. ಅದರ ಕೆಳಗೆ ತಗಡೇ ಇರಲಿಲ್ಲ! ಉಳಿದಿದ್ದ ಅಂಚು ಅಪ್ಪನ ಬೆರಳು ಸೋಕಿದರೆ ಹಪ್ಪಳದಂತೆ ಪುಡಿಯಾಯಿತು. ತೂತಿನೊಳಗೆ ಇಂಜಿನ್ನಿನ ಹೊಗೆಕೊಳವೆ ಸೀಳಿಹೋಗಿತ್ತು, ಅದರಾಚೆ ಒದ್ದೆ ರಸ್ತೆ ಕಾಣಿಸುತ್ತಿತ್ತು. ಅಷ್ಟು ದೂರವೂ ನಾವು ಆ ಹೊಗೆಯನ್ನೇ ಉಸಿರಾಡಿದ್ದೆವು; ನನ್ನ ಕಡೆಯ ಗಾಜಿನ ಸಂದಿನಿಂದ ಬಂದ ಗಾಳಿಯೇ ನನ್ನನ್ನು ಎಚ್ಚರವಾಗಿಟ್ಟಿತ್ತು.

ಅಪ್ಪ ಇಂಜಿನ್ ಆರಿಸಿ ಬಂದು ನನ್ನ ತಲೆ ಸವರಿದ. "ದೆವ್ವ ಇಲ್ಲ ಕಣ್ಣು. ತುಕ್ಕು. ನಮ್ಮ ಲಾರಿ ತುಕ್ಕು," ಅಂದ. ನನಗೆ ಭಯ ಕಡಿಮೆಯಾಗಲಿಲ್ಲ. ದೆವ್ವಕ್ಕಾದರೆ ವಿಭೂತಿ ಇದೆ, ಇದಕ್ಕೆ ಏನಿದೆ?

ಲಾರಿಯನ್ನು ಅಲ್ಲೇ ಬಿಟ್ಟು ಬಸ್ಸಿನಲ್ಲಿ ಊರಿಗೆ ಬಂದೆವು. ಮಾರನೆಯ ದಿನ ಅಪ್ಪ ವೆಲ್ಡಿಂಗ್ ಮಾಡುವವರನ್ನು ಕರೆದುಕೊಂಡು ಹೋದ. ಕೊಳೆತ ತಗಡನ್ನು ಕತ್ತರಿಸಿ ಹೊಸದನ್ನು ಬೆಸೆದರು, ಹೊಗೆಕೊಳವೆಯನ್ನೂ ಬದಲಿಸಿದರು. ಸುತ್ತಲಿನ ತುಕ್ಕನ್ನು ತಂತಿ ಬ್ರಷ್ಷಿನಿಂದ ಕೆರೆದು, ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಬಳಿದರು, ತಳಕ್ಕೆ ಡಾಂಬರು ಮೆತ್ತಿದರು. ಮತ್ತೆಂದೂ ಆ ಲಾರಿಯಲ್ಲಿ ಏನನ್ನೂ ಹಾಸಲಿಲ್ಲ. ಮಳೆ ನಿಂತ ಕೂಡಲೇ ಬಾಗಿಲು ತೆರೆದಿಟ್ಟು ಒಣಗಿಸುವುದು, ಸ್ಪ್ಯಾನರಿನಿಂದ ತಗಡು ಬಡಿದು ನೋಡುವುದು ಮನೆಯ ಪದ್ಧತಿಯಾಯಿತು. ಗಟ್ಟಿ ತಗಡು ಟಣ್ ಅನ್ನುತ್ತದೆ, ತುಕ್ಕು ತಿಂದದ್ದು ದಪ್ ಅನ್ನುತ್ತದೆ. ಅಕ್ಕ ಬಡಿಯುತ್ತಿದ್ದಳು, ನಾನು ದೂರ ನಿಂತು ಕಿವಿಗೊಡುತ್ತಿದ್ದೆ. ಮತ್ತೆ ಅದರೊಳಗೆ ಹತ್ತಲು ನನಗೆ ಬಹಳ ಕಾಲ ಹಿಡಿಯಿತು.

ಈಗ ನಿಮ್ಮ ಕಾರಿನ ತಳಕ್ಕೆ ಕಂಪನಿಯವರೇ ಕಪ್ಪು ಲೇಪ ಹಚ್ಚಿ ಕೊಡುತ್ತಾರೆ. ತುಕ್ಕು ಅಂದರೆ ನಿಮಗೆ ಹಿತ್ತಿಲಿನ ಹಳೆಯ ಬಕೆಟ್ಟು, ಅಷ್ಟೇ. ಹಾಗೇ ಇರಲಿ. ಆದರೂ ತಿರುಪ್ಪೂರಿಗೆ ಹೋಗುವಾಗ ನೀವು ಹಿಂದಿನ ಸೀಟಿನಲ್ಲಿ ಒಬ್ಬರ ಮೇಲೊಬ್ಬರು ಒರಗಿ ನಿದ್ದೆ ಹೋದರೆ, ನಾನು ತಿರುಗಿ ಒಮ್ಮೆ ಕೂಗಿ ಎಬ್ಬಿಸುತ್ತೇನೆ. "ಏನಜ್ಜಿ, ಸುಮ್ನೆ ಎಬ್ಬಿಸ್ತೀಯಾ!" ಎಂದು ನೀವು ಸಿಡುಕುತ್ತೀರಿ. ಆ ಸಿಡುಕು ಕಿವಿಗೆ ಬಿದ್ದ ಮೇಲೆಯೇ ನಾನು ಮುಂದಕ್ಕೆ ತಿರುಗುವುದು.